ಬಡಗಿಯ ಮಗಳು ಬೇಬ್

ನಮ್ಮ ರಂಗಭೂಮಿಯ ಚರಿತ್ರೆಯನ್ನು ಬಿ.ಎ. ತರಗತಿಗೆ ಪಾಠ ಹೇಳುವಾಗ ಎರಡು ಮಾತುಗಳನ್ನು ನಾನು ವರ್ಷವರ್ಷವೂ ಬಳಸುತ್ತ ಬಂದಿದ್ದೇನೆ. ಒಂದು ವೃತ್ತಿ ರಂಗಭೂಮಿ, ಇನ್ನೊಂದು ಹವ್ಯಾಸಿ ರಂಗಭೂಮಿ. ಗುಬ್ಬಿ ವೀರಣ್ಣನವರ ಕಂಪನಿಯನ್ನು ಮೊದಲನೆಯದರ ಕೆಳಗೂ, ಕೈಲಾಸಂ ಅವರ ನಾಟಕಗಳನ್ನು ಆಡಿದ ವಿದ್ಯಾವಂತರ ಸಂಘಗಳನ್ನು ಎರಡನೆಯದರ ಕೆಳಗೂ ಬರೆಸಿ, ನಡುವೆ ಒಂದು ಗೆರೆ ಎಳೆದು ಮುಂದಕ್ಕೆ ಹೋಗುವುದು ನನ್ನ ವಾಡಿಕೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು ಒಂದು ಪ್ರಶ್ನೆ ಕೇಳಿದಳು. ಬಣ್ಣ ಹಚ್ಚಿ ಹೊಟ್ಟೆ ಹೊರೆದುಕೊಂಡ ಹೆಂಗಸಿಗೆ ಕೆಟ್ಟ ಹೆಸರೂ, ಹೊಟ್ಟೆ ತುಂಬಿದ ಮೇಲೆ ಬಿಡುವಿನ ವೇಳೆಗೆ ಬಣ್ಣ ಹಚ್ಚಿದವರಿಗೆ ಸಂಸ್ಕಾರವಂತರೆಂಬ ಹೆಸರೂ ಬಂದುದು ಯಾವ ನ್ಯಾಯ ಎಂಬುದು ಆಕೆಯ ಪ್ರಶ್ನೆ. ನಾನು ಕಾಲಧರ್ಮವೆಂದು ಏನೋ ಉತ್ತರ ಕೊಟ್ಟೆ. ಅದು ಆಕೆಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನಗೆ ನೆನಪಾದವಳು ನಾಟಕದವಳಲ್ಲ, ನಮ್ಮ ನಾಡಿನವಳೂ ಅಲ್ಲ. ಅಮೆರಿಕದ ಟೆಕ್ಸಾಸ್ ಸೀಮೆಯ ಬಡಗಿಯೊಬ್ಬನ ಮಗಳು; ಗಾಲ್ಫ್ ಆಡಿ ಬದುಕಿದವಳು; 1956ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡವಳು. ಆಕೆಯ ಹೆಸರು ಬೇಬ್ ಡಿಡ್ರಿಕ್ಸನ್ ಜಹಾರಿಯಸ್. ಆ ಹುಡುಗಿಯ ಪ್ರಶ್ನೆಯನ್ನೇ ಆಕೆ ತನ್ನ ಇಡೀ ಬಾಳಿನಲ್ಲಿ ಬೇರೊಂದು ಮೈದಾನದ ಮೇಲೆ ನಿಂತು ಕೇಳುತ್ತಿದ್ದಳೆಂದು ನನಗೆ ತೋರಿತು. ಆಕೆಯ ಜೀವನವನ್ನು ವಾಚಕರ ಮುಂದಿಡುವುದಕ್ಕೆ ಅದೇ ಕಾರಣ.

ಮೊದಲು ಆ ಆಟದ ಸಂಗತಿ ನಾಲ್ಕು ಮಾತು. ವಿಶಾಲವಾದ ಹುಲ್ಲುಬಯಲಿನಲ್ಲಿ ದೂರದೂರಕ್ಕೆ ಅಗೆದ ಹದಿನೆಂಟು ಗುಳಿಗಳೊಳಕ್ಕೆ ಒಂದು ಪುಟ್ಟ ಚೆಂಡನ್ನು ಕೋಲಿನಿಂದ ಹೊಡೆದು ಸೇರಿಸುವುದೇ ಗಾಲ್ಫ್. ಎಷ್ಟು ಕಡಮೆ ಹೊಡೆತಗಳಲ್ಲಿ ಸೇರಿಸಿದರೆ ಅಷ್ಟು ಮೇಲು. ಬಯಲು ಬೇಕು, ಬಿಡುವು ಬೇಕು, ಹಣ ಬೇಕು. ಆದ್ದರಿಂದ ಇದು ಉಳ್ಳವರ ಆಟವಾಯಿತು. ಉಳ್ಳವರಲ್ಲಿಯೂ ಹೆಂಗಸರಿಗೆ ಇದರೊಳಗೆ ಪ್ರವೇಶ ಸುಲಭವಾಗಿ ದೊರೆಯಲಿಲ್ಲ. 1567ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿ, ಪತಿಯ ಕೊಲೆಯಾದ ಕೆಲವೇ ದಿನಗಳಲ್ಲಿ ಗಾಲ್ಫ್ ಆಡಿದಳೆಂಬುದು ಆಕೆಯ ವೈರಿಗಳು ಹೊರಿಸಿದ ದೋಷಗಳಲ್ಲಿ ಒಂದು. ಗಾಲ್ಫ್ ಆಡಿದ ಹೆಂಗಸಿನ ಹೆಸರು ಚರಿತ್ರೆಯಲ್ಲಿ ಮೊದಮೊದಲು ಕಾಣಿಸಿಕೊಂಡದ್ದೇ ಹೀಗೆ, ಆರೋಪಪಟ್ಟಿಯ ಮೂಲಕ. ಮೂರು ಶತಮಾನಗಳ ಅನಂತರ, 1867ರಲ್ಲಿ, ಸೇಂಟ್ ಆಂಡ್ರೂಸಿನಲ್ಲಿ ಮಹಿಳೆಯರ ಸಂಘವೊಂದು ಹುಟ್ಟಿತು. ಆದರೆ ಅವರಿಗೆ ದೊರೆತದ್ದು ಚೆಂಡನ್ನು ಮೆಲ್ಲನೆ ಉರುಳಿಸಿ ಆಡುವ ಚಿಕ್ಕ ಅಂಗಳ. ಹೆಗಲಿನ ಮೇಲಕ್ಕೆ ಕೋಲನ್ನೆತ್ತಿ ಬೀಸುವುದು ಕುಲಸ್ತ್ರೀಯರಿಗೆ ಒಪ್ಪುವುದಿಲ್ಲವೆಂಬ ಭಾವನೆ ಆಗ ಬಲವಾಗಿತ್ತು. 1893ರಲ್ಲಿ ಬ್ರಿಟನ್ನಿನ ಮಹಿಳೆಯರು ತಮ್ಮದೇ ಒಕ್ಕೂಟವನ್ನು ಕಟ್ಟಿ ಚಾಂಪಿಯನ್‌ಷಿಪ್ ಆರಂಭಿಸಿದಾಗ ಮೊದಲ ಮೂರು ವರ್ಷವೂ ಗೆದ್ದವಳು ಲೇಡಿ ಮಾರ್ಗರೆಟ್ ಸ್ಕಾಟ್. ಅರ್ಲ್ ಪದವಿಯ ಪ್ರಭುವಿನ ಮಗಳು. ಬಾಗಿಲು ತೆರೆದಿತ್ತು, ನಿಜ. ಆದರೆ ಅದು ತೆರೆದಿದ್ದದ್ದು ಅರಮನೆಯ ಕಡೆಗೆ.

ಅರಮನೆಯಿಂದ ಬಹು ದೂರದಲ್ಲಿ, ಟೆಕ್ಸಾಸಿನ ಪೋರ್ಟ್ ಆರ್ಥರ್ ಎಂಬ ಬಂದರಿನಲ್ಲಿ, 1911ರ ಜೂನ್ 26ರಂದು ಮಿಲ್ಡ್ರೆಡ್ ಎಲ್ಲಾ ಹುಟ್ಟಿದಳು. ತಂದೆತಾಯಿ ನಾರ್ವೆಯಿಂದ ವಲಸೆ ಬಂದವರು. ತಂದೆ ಓಲೆ ಹಡಗಿನ ಬಡಗಿ. ದಡಕ್ಕೆ ಬಂದ ಮೇಲೆ ಮೇಜುಕುರ್ಚಿಗಳನ್ನು ರಿಪೇರಿ ಮಾಡಿ ಮೆರುಗು ಕೊಡುವ ಕೆಲಸ. ತಾಯಿ ಹನ್ನಾ ನೆರೆಮನೆಗಳ ಬಟ್ಟೆ ಒಗೆದು ಸಂಸಾರಕ್ಕೆ ನೆರವಾಗುತ್ತಿದ್ದಳು. ಏಳು ಮಕ್ಕಳಲ್ಲಿ ಇವಳು ಆರನೆಯವಳು. ಇವಳು ಚಿಕ್ಕವಳಾಗಿದ್ದಾಗಲೇ ಸಂಸಾರ ಸಮೀಪದ ಬ್ಯೂಮಾಂಟಿಗೆ ಬಂದು ನೆಲಸಿತು. ಅಲ್ಲಿ ತಂದೆ ಹಿತ್ತಲಿನಲ್ಲಿ ತನ್ನ ಕೈಯಾರೆ ಕಸರತ್ತಿನ ಕಂಬಗಳನ್ನು ನೆಟ್ಟುಕೊಟ್ಟ. ಬೀದಿಯುದ್ದಕ್ಕೂ ಮನೆಗಳ ಮುಂದೆ ಇದ್ದ ಗಿಡಗಳ ಬೇಲಿಗಳನ್ನು ಒಂದೊಂದಾಗಿ ಹಾರುತ್ತ ಓಡುವುದೇ ಹುಡುಗಿಯ ನಿತ್ಯದ ಅಭ್ಯಾಸ. ಒಂದು ಬೇಲಿ ಮಿಕ್ಕವುಗಳಿಗಿಂತ ಎತ್ತರವಾಗಿತ್ತಂತೆ. ಇವಳು ಹೋಗಿ ಕೇಳಿಕೊಂಡಾಗ ಆ ಮನೆಯವರು ಅದನ್ನು ಸಮಕ್ಕೆ ಕತ್ತರಿಸಿಕೊಟ್ಟರಂತೆ. ಮನೆಯ ಮಕ್ಕಳೆಲ್ಲ ದುಡಿಯಲೇಬೇಕಾದ ಸ್ಥಿತಿ. ಶಾಲೆಯ ಬಿಡುವಿನಲ್ಲಿ ಇವಳು ಅಂಜೂರದ ಹಣ್ಣುಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೂಲಿಗೆ ಹೋದಳು; ಆಮೇಲೆ ಚೀಲವೊಂದಕ್ಕೆ ಒಂದು ಸೆಂಟಿನಂತೆ ಗೋಣಿಚೀಲ ಹೊಲಿದಳು. ಬೇಬ್ ಎಂಬ ಹೆಸರು ಬಂದುದಕ್ಕೆ ಎರಡು ಕಥೆಗಳಿವೆ. ತಾಯಿ ಮುದ್ದಿನಿಂದ ಹಾಗೆ ಕರೆಯುತ್ತಿದ್ದಳೆಂಬುದು ಒಂದು. ಬೇಸ್‌ಬಾಲಿನ ವೀರ ಬೇಬ್ ರೂತ್‌ನಂತೆ ಚೆಂಡನ್ನು ದೂರ ಅಟ್ಟುತ್ತಿದ್ದುದರಿಂದ ಗಂಡುಹುಡುಗರು ಇಟ್ಟ ಹೆಸರೆಂಬುದು ಇನ್ನೊಂದು. ಆಕೆಗೆ ಎರಡನೆಯ ಕಥೆಯೇ ಪ್ರಿಯ.

1930ರಲ್ಲಿ ಡಲ್ಲಾಸ್ ನಗರದ ವಿಮಾ ಕಂಪನಿಯೊಂದು ಆಕೆಯನ್ನು ಕರೆದು ತಿಂಗಳಿಗೆ 75 ಡಾಲರ್ ಸಂಬಳದ ಕೆಲಸ ಕೊಟ್ಟಿತು. ಕಾಗದದ ಮೇಲೆ ಆಕೆ ಬೆರಳಚ್ಚುಗಾರ್ತಿ. ನಿಜವಾಗಿ ಬೇಕಾಗಿದ್ದದ್ದು ಕಂಪನಿಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಟಗಾರ್ತಿ. ಆಟಕ್ಕೆ ಕೂಲಿ ಪಡೆದರೆ ಹವ್ಯಾಸಿ ಎಂಬ ಅಂತಸ್ತು ಹೋಗುತ್ತದೆ. ಮೇಜಿನ ಮುಂದೆ ಕುಳಿತದ್ದಕ್ಕೆ ಪಡೆದರೆ ಹೋಗುವುದಿಲ್ಲ. ಈ ಸಣ್ಣ ನಾಟಕವನ್ನು ಎಲ್ಲರೂ ಬಲ್ಲರು, ಎಲ್ಲರೂ ಒಪ್ಪಿದ್ದರು. ಆಕೆ ಸಂಬಳದ ಬಹುಭಾಗವನ್ನು ಬ್ಯೂಮಾಂಟಿಗೆ ಕಳುಹಿಸಿಕೊಡುತ್ತಿದ್ದಳು.

1932ರ ಜುಲೈ ತಿಂಗಳಲ್ಲಿ ಷಿಕಾಗೋ ಬಳಿಯ ಇವಾನ್‌ಸ್ಟನ್ನಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ. ಕಂಪನಿ ಕಳುಹಿಸಿದ ತಂಡದಲ್ಲಿ ಇದ್ದವಳು ಆಕೆಯೊಬ್ಬಳೇ. ಒಂದೇ ಮಧ್ಯಾಹ್ನ ಎಂಟು ಸ್ಪರ್ಧೆಗಳಲ್ಲಿ ಭಾಗವಹಿಸಿ, ಐದರಲ್ಲಿ ಗೆದ್ದು, ಆರನೆಯದರಲ್ಲಿ ಇನ್ನೊಬ್ಬಳೊಡನೆ ಸಮನಾಗಿ ಮೊದಲಿಗಳಾಗಿ, 30 ಅಂಕ ಗಳಿಸಿದಳು. ಎರಡನೆಯ ಸ್ಥಾನಕ್ಕೆ ಬಂದ ಇಲಿನಾಯ್ ತಂಡದಲ್ಲಿ 22 ಮಂದಿ ಇದ್ದರು. ಅವರೆಲ್ಲರೂ ಸೇರಿ ಗಳಿಸಿದ್ದು 22 ಅಂಕ. ಅದೇ ವರ್ಷದ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಹೆಂಗಸೊಬ್ಬಳು ಮೂರಕ್ಕಿಂತ ಹೆಚ್ಚು ಸ್ಪರ್ಧೆಗಳಿಗೆ ಇಳಿಯಕೂಡದೆಂಬ ನಿಯಮವಿತ್ತು. ಭರ್ಜಿ ಎಸೆತದಲ್ಲಿ ಚಿನ್ನ, 80 ಮೀಟರ್ ಹರ್ಡಲ್ಸ್ ಓಟದಲ್ಲಿ 11.7 ಸೆಕೆಂಡುಗಳ ವಿಶ್ವದಾಖಲೆಯೊಡನೆ ಚಿನ್ನ. ಎತ್ತರ ಜಿಗಿತದಲ್ಲಿ ಆಕೆಯೂ ಜೀನ್ ಷೈಲಿಯೂ ಒಂದೇ ಎತ್ತರವನ್ನು ದಾಟಿದರು. ಆದರೆ ಮೈಗಿಂತ ಮುಂಚೆ ತಲೆ ಪಟ್ಟಿಯನ್ನು ದಾಟಿತೆಂದು ತೀರ್ಪುಗಾರರು ಆಕೆಗೆ ಬೆಳ್ಳಿಯನ್ನು ಕೊಟ್ಟರು.

ಕೀರ್ತಿ ಬಂದಿತು; ಅನ್ನ ಬರಲಿಲ್ಲ. ಆ ವರ್ಷದ ಕೊನೆಗೆ ಒಂದು ಕಾರಿನ ಜಾಹೀರಾತಿನಲ್ಲಿ ಆಕೆಯ ಚಿತ್ರ ಕಾಣಿಸಿಕೊಂಡಿತೆಂದು ಕ್ರೀಡಾಧಿಕಾರಿಗಳು ಆಕೆಯನ್ನು ಅಮಾನತಿನಲ್ಲಿಟ್ಟರು. ಕೆಲ ದಿನಗಳಲ್ಲಿ ಅದನ್ನು ತೆಗೆದರಾದರೂ ಅಷ್ಟರಲ್ಲಿ ಆಕೆ ವೃತ್ತಿಯ ದಾರಿ ಹಿಡಿದಾಗಿತ್ತು. ಅದು ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. 1933ರಲ್ಲಿ ಷಿಕಾಗೋವಿನ ರಂಗಮಂದಿರವೊಂದರಲ್ಲಿ ಆಕೆ ಮೌತ್ ಆರ್ಗನ್ ನುಡಿಸಿ, ಹಾಡಿ, ತಿರುಗುವ ಪಟ್ಟಿಯೊಂದರ ಮೇಲೆ ಓಡಿ ತೋರಿಸಿದಳು. ನನ್ನ ವಿದ್ಯಾರ್ಥಿನಿಯ ಪ್ರಶ್ನೆಯ ಹೆಂಗಸೇ ಆಗಿಬಿಟ್ಟಳು ಎನ್ನಬೇಕು: ಬಣ್ಣ ಹಚ್ಚಿ, ದೀಪದ ಮುಂದೆ ನಿಂತು, ಟಿಕೆಟ್ಟು ಕೊಂಡವರಿಗೆ ಕುತೂಹಲದ ವಸ್ತು. ಬ್ಯಾಸ್ಕೆಟ್‌ಬಾಲ್ ಕಟ್ಟಿಕೊಂಡು ಊರೂರು ಸುತ್ತಿದಳು. ಗಡ್ಡಧಾರಿ ಗಂಡಸರ ಬೇಸ್‌ಬಾಲ್ ತಂಡವೊಂದರೊಡನೆಯೂ ತಿರುಗಿದಳು. ಪತ್ರಿಕೆಗಳು ಆಕೆಯ ಮೈಕಟ್ಟನ್ನೂ ಮೊಟಕು ಕೂದಲನ್ನೂ ಹಾಸ್ಯಮಾಡಿದವು. ಇವಳು ಹೆಣ್ಣೇ ಹೌದೇ ಎಂದು ಸಂಶಯಿಸುವ ಮಟ್ಟಕ್ಕೂ ಇಳಿದವು.

ಈ ನಡುವೆ ಆಕೆ ಗಾಲ್ಫನ್ನು ಹಟದಿಂದ ಕಲಿತಳು. ಕ್ಯಾಲಿಫೋರ್ನಿಯಾದಲ್ಲಿ ಸ್ಟಾನ್ ಕೆರ್ಟಿಸ್ ಎಂಬ ಶಿಕ್ಷಕನ ಬಳಿ ದಿನಕ್ಕೆ ಸಾವಿರದ ಲೆಕ್ಕದಲ್ಲಿ ಚೆಂಡುಗಳನ್ನು ಹೊಡೆದು, ಅಂಗೈ ಕಿತ್ತು ರಕ್ತ ಬಂದರೆ ಪಟ್ಟಿ ಸುತ್ತಿಕೊಂಡು ಮತ್ತೆ ಹೊಡೆಯುತ್ತಿದ್ದಳು. 1935ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್ನಿನ ಶ್ರೀಮಂತ ಕ್ಲಬ್ಬಿನಲ್ಲಿ ಟೆಕ್ಸಾಸ್ ಮಹಿಳಾ ಹವ್ಯಾಸಿಗಳ ಚಾಂಪಿಯನ್‌ಷಿಪ್ ನಡೆಯಿತು. ಲಾರಿ ಓಡಿಸುವವರ ಹೆಣ್ಣುಮಕ್ಕಳು ತಮಗೆ ಬೇಕಿಲ್ಲವೆಂಬ ಮಾತು ಅಲ್ಲಿ ಓಡಾಡಿತು. ಬಡಗಿಯ ಮಗಳು ಅಂತಿಮ ಪಂದ್ಯದಲ್ಲಿ ಡಲ್ಲಾಸಿನ ಪೆಗ್ಗಿ ಚಾಂಡ್ಲರಳನ್ನು ಸೋಲಿಸಿ ಬಹುಮಾನವನ್ನೆತ್ತಿಕೊಂಡಳು. ಕೆಲವೇ ವಾರಗಳು, ಅಮೆರಿಕದ ಗಾಲ್ಫ್ ಸಂಘ ಆಕೆಯನ್ನು ಹವ್ಯಾಸಿಗಳ ಪಂಕ್ತಿಯಿಂದ ಹೊರಹಾಕಿತು. ಬೇರೆ ಆಟಗಳಿಂದ ಹಣ ಗಳಿಸಿದವಳೆಂಬುದು ಕಾರಣ, ಆಟದ ಹಿತವೆಂಬುದು ಸಮರ್ಥನೆ.

ಇಲ್ಲಿ ಇನ್ನೊಬ್ಬಳ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ಇಂಗ್ಲೆಂಡಿನ ಜಾಯ್ಸ್ ವೆದರೆಡ್ ಸುಸಂಸ್ಕೃತ ಮನೆತನದವಳು. 1922, 1924, 1925 ಮತ್ತು 1929ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್. ಕಾಲ ಕೆಟ್ಟಾಗ ಆಕೆ ಲಂಡನ್ನಿನ ದೊಡ್ಡ ಅಂಗಡಿಯೊಂದರ ಗಾಲ್ಫ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಅಷ್ಟಕ್ಕೇ ಆಕೆಯ ಹವ್ಯಾಸಿ ಅಂತಸ್ತೂ ಹೋಯಿತು. 1935ರಲ್ಲಿ ಆಕೆ ಅಮೆರಿಕದಲ್ಲಿ ಹಣಕ್ಕಾಗಿ ಪ್ರದರ್ಶನ ಪಂದ್ಯಗಳನ್ನು ಆಡುತ್ತ ಬಂದಾಗ ಈ ಇಬ್ಬರು ಒಂದೇ ಹುಲ್ಲಿನ ಮೇಲೆ ಆಡಿದರು. ಒಬ್ಬಳದು ಕವಿತೆಯಂಥ ನಯ, ಇನ್ನೊಬ್ಬಳದು ಬಿರುಗಾಳಿಯಂಥ ಹೊಡೆತ. ಹುಟ್ಟಿನಲ್ಲಿ ಅಷ್ಟು ದೂರವಿದ್ದವರನ್ನು ಒಂದೇ ಗೆರೆಯ ಆಚೆಗೆ ತಳ್ಳಿದ್ದು ದುಡಿಮೆ. ಗೆರೆ ಎಳೆದವರಿಗೆ ಆಟದ ಶುದ್ಧಿಯಷ್ಟೇ ಕಾಣುತ್ತಿತ್ತು. ಬಾಡಿಗೆಯ ಮನೆ, ಮುದಿ ತಂದೆತಾಯಿ, ತಿಂಗಳ ಕೊನೆ ಇವು ಕಾಣುತ್ತಿರಲಿಲ್ಲ.

ಹೊರಗೆ ಹಾಕಿದರೆ ಹೋಗಲಿ, ವೃತ್ತಿಯಾಗಿಯೇ ಆಡಬಾರದೆ ಎಂದು ಕೇಳಬಹುದು. ಆಡುವುದಕ್ಕೆ ಪಂದ್ಯಗಳೇ ಇರಲಿಲ್ಲ. ವೃತ್ತಿಯ ಹೆಂಗಸರಿಗೆ ತೆರೆದಿದ್ದ ಸ್ಪರ್ಧೆಗಳು ಅಂದು ಬೆರಳೆಣಿಕೆಯಷ್ಟು. ಆಕೆ ಪ್ರಸಿದ್ಧ ಆಟಗಾರ ಜೀನ್ ಸರಾಜನ್ ಜತೆಯಲ್ಲಿ ಪ್ರದರ್ಶನಗಳನ್ನು ಕೊಟ್ಟಳು. 1938ರ ಜನವರಿಯಲ್ಲಿ ಗಂಡಸರ ಲಾಸ್ ಏಂಜಲೀಸ್ ಓಪನ್ ಪಂದ್ಯಕ್ಕೇ ಹೆಸರು ಕೊಟ್ಟು ಇಳಿದಳು. ಅಲ್ಲಿ ಜೊತೆಯಾಟಗಾರನಾಗಿ ಸಿಕ್ಕವನು ಜಾರ್ಜ್ ಜಹಾರಿಯಸ್. ಗ್ರೀಸಿನಿಂದ ವಲಸೆ ಬಂದವರ ಮಗ, ಕುಸ್ತಿಯ ಪೈಲವಾನ. ಪಂದ್ಯದಲ್ಲಿ ಆಕೆ ಕೊನೆಯ ಸುತ್ತುಗಳಿಗೆ ಉಳಿಯಲಿಲ್ಲ. ಆದರೆ ಅದೇ ವರ್ಷದ ಡಿಸೆಂಬರ್ 23ರಂದು ಇಬ್ಬರಿಗೂ ಮದುವೆಯಾಯಿತು. ಗಂಡನ ಸಂಪಾದನೆ ಕೈಗೆ ಆಸರೆಯಾದ ಮೇಲೆ ಆಕೆ ಹವ್ಯಾಸಿ ಅಂತಸ್ತಿಗೆ ಮತ್ತೆ ಅರ್ಜಿ ಹಾಕಿದಳು. ಆಟದಿಂದ ಒಂದು ಕಾಸೂ ಪಡೆಯದೆ ಮೂರು ವರ್ಷ ಕಾಯಬೇಕೆಂದು ಸಂಘ ವಿಧಿಸಿತು. ಕಾದಳು. 1943ರ ಜನವರಿಯಲ್ಲಿ ಅದು ದೊರೆಯಿತು. ಹಸಿದವಳಿಗೆ ಸಿಗದ ಮರ್ಯಾದೆ ಗಂಡನ ಮನೆಯಲ್ಲಿ ಹೊಟ್ಟೆ ತುಂಬಿದವಳಿಗೆ ಸಿಕ್ಕಿತು. ವ್ಯಂಗ್ಯವನ್ನು ವಾಚಕರೇ ಗಮನಿಸಬಹುದು.

ಅನಂತರದ ವಿಜಯಪರಂಪರೆ ಗಾಲ್ಫಿನ ಚರಿತ್ರೆಯಲ್ಲಿ ವಿರಳ. 1946ರಲ್ಲಿ ಅಮೆರಿಕದ ಮಹಿಳಾ ಹವ್ಯಾಸಿ ಚಾಂಪಿಯನ್‌ಷಿಪ್. 36 ಗುಳಿಗಳ ಅಂತಿಮ ಪಂದ್ಯದಲ್ಲಿ ಇನ್ನೂ 9 ಉಳಿದಿರುವಾಗಲೇ 11 ಗುಳಿಗಳ ಮುನ್ನಡೆಯಿಂದ ಪಂದ್ಯ ಮುಗಿಸಿದಳು. 1947ರಲ್ಲಿ ಸ್ಕಾಟ್ಲೆಂಡಿನ ಗಲೇನಿನಲ್ಲಿ ಬ್ರಿಟಿಷ್ ಚಾಂಪಿಯನ್‌ಷಿಪ್. ಲೇಡಿ ಮಾರ್ಗರೆಟಳಿಂದ ಆರಂಭವಾದ ಆ ಪಟ್ಟಿಯಲ್ಲಿ ಅಮೆರಿಕದವಳ ಹೆಸರು ಸೇರಿದ್ದು ಅದೇ ಮೊದಲು. ಇನ್ನು ಯಾರಿಗೂ ತೋರಿಸಿಕೊಡಬೇಕಾದುದು ಉಳಿದಿರಲಿಲ್ಲ. ಆಗ ಆಕೆ ಮಾಡಿದ ಕೆಲಸವೆಂದರೆ, ಕಾದು ಕಾದು ಪಡೆದ ಆ ಅಂತಸ್ತನ್ನು ತಾನಾಗಿಯೇ ಬಿಟ್ಟುಕೊಟ್ಟು, 1947ರ ಆಗಸ್ಟಿನಲ್ಲಿ ಮರಳಿ ವೃತ್ತಿಗೆ ಬಂದದ್ದು.

ಬಂದವಳು ಒಬ್ಬಳೇ ಉಳಿಯಲಿಲ್ಲ. 1950ರಲ್ಲಿ ಪ್ಯಾಟಿ ಬರ್ಗ್, ಲೂಯಿಸ್ ಸಗ್ಸ್, ಬೆಟ್ಟಿ ಜೇಮ್ಸನ್ ಮೊದಲಾದವರೊಡನೆ ಸೇರಿ ಒಟ್ಟು ಹದಿಮೂರು ಮಂದಿ ಹೆಂಗಸರು ವೃತ್ತಿಪರ ಮಹಿಳಾ ಗಾಲ್ಫ್ ಸಂಘವನ್ನು ಕಟ್ಟಿದರು. ಅದಕ್ಕೆ ಹಿಂದೆ ಅಂಥ ಸಂಘವೊಂದು ಹುಟ್ಟಿ ಹಣವಿಲ್ಲದೆ ಸೊರಗಿತ್ತು. ಈ ಹದಿಮೂರು ಮಂದಿಯ ಸಂಸಾರ ನಮ್ಮ ನಾಟಕದ ಕಂಪನಿಗಳ ಸಂಸಾರದಂತೆಯೇ ಇತ್ತು. ತಾವೇ ಕಾರು ಓಡಿಸಿಕೊಂಡು ಊರಿಂದ ಊರಿಗೆ ಹೋಗುವುದು, ಮೈದಾನವನ್ನು ತಾವೇ ಸಜ್ಜುಮಾಡುವುದು, ಲೆಕ್ಕಪತ್ರ ತಾವೇ ನೋಡುವುದು, ಜನ ಬರಲೆಂದು ತಾವೇ ಪ್ರಚಾರ ಮಾಡುವುದು, ಆಮೇಲೆ ಆಡುವುದು. ಜನ ಬರುತ್ತಿದ್ದದ್ದು ಬಹುಮಟ್ಟಿಗೆ ಬೇಬ್‌ಳನ್ನು ನೋಡುವುದಕ್ಕೆ.

ಆಕೆಯನ್ನು ದೇವತೆಯಾಗಿ ಚಿತ್ರಿಸುವುದು ನನ್ನ ಉದ್ದೇಶವಲ್ಲ. ಆಕೆ ಜಂಬಗಾತಿ. ಇಂದು ಎರಡನೆಯ ಸ್ಥಾನ ಯಾರಿಗೆ ಎಂದು ಎದುರಾಳಿಗಳ ಕೊಠಡಿಗೇ ಹೋಗಿ ಕೇಳುವವಳು. ವಯಸ್ಸನ್ನು ಕಡಮೆ ಮಾಡಿ ಹೇಳುವವಳು. ಸಂಘದ ಸಂಗಾತಿಯಾದ ಸಗ್ಸಳಿಗೂ ಆಕೆಗೂ ಹೊಂದಿಕೆ ಇರಲಿಲ್ಲ. ಇದಕ್ಕಿಂತ ಭಾರವಾದ ಮಾತೊಂದಿದೆ. 1932ರ ಒಲಿಂಪಿಕ್ ತಂಡದಲ್ಲಿ ಟೈಡಿ ಪಿಕೆಟ್, ಲೂಯಿಸ್ ಸ್ಟೋಕ್ಸ್ ಎಂಬ ಇಬ್ಬರು ಕಪ್ಪು ಜನಾಂಗದ ಹುಡುಗಿಯರಿದ್ದರು. ರಿಲೇ ಓಟಕ್ಕೆ ಆಯ್ಕೆಯಾಗಿ ಬಂದಿದ್ದರೂ ಅವರಿಗೆ ಓಡುವ ಅವಕಾಶ ಕೊಡಲಿಲ್ಲ. ಒಲಿಂಪಿಕ್ಸಿಗೆ ಹೋಗುವ ರೈಲಿನಲ್ಲಿ ಮಲಗಿದ್ದ ತಮ್ಮ ಮೇಲೆ ಬೇಬ್ ತಣ್ಣೀರು ಸುರಿದುದನ್ನು ಪಿಕೆಟ್ ಎಷ್ಟೋ ವರ್ಷಗಳ ಅನಂತರವೂ ಮರೆತಿರಲಿಲ್ಲ. ಬಾಗಿಲ ಹೊರಗೆ ನಿಂತ ನೋವನ್ನು ಬಲ್ಲವರೆಲ್ಲರೂ ತಮ್ಮ ಹಿಂದೆ ನಿಂತವರನ್ನು ತಿರುಗಿ ನೋಡುತ್ತಾರೆಂದು ಹೇಳುವಂತಿಲ್ಲ. ಈ ಕಲೆ ಆಕೆಯ ಜೀವನಚರಿತ್ರೆಯಲ್ಲಿ ಉಳಿಯಬೇಕಾದದ್ದೇ.

1953ರ ಏಪ್ರಿಲ್‌ನಲ್ಲಿ ಆಕೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿಯಿತು. ಬ್ಯೂಮಾಂಟಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆದು, ಮಲವಿಸರ್ಜನೆಗೆ ಹೊಟ್ಟೆಯ ಮೇಲೆಯೇ ದಾರಿ ಮಾಡಬೇಕಾಯಿತು. ಗಾಲ್ಫ್ ಕೋಲುಗಳ ಚೀಲವನ್ನು ಆಕೆ ಆಸ್ಪತ್ರೆಯ ಕೊಠಡಿಯ ಮೂಲೆಯಲ್ಲಿ, ಕಣ್ಣಿಗೆ ಬೀಳುವಂತೆ ಇರಿಸಿಕೊಂಡಿದ್ದಳು. ರೋಗ ಆಗಲೇ ಗ್ರಂಥಿಗಳಿಗೆ ಹಬ್ಬಿತ್ತು. ಅದನ್ನು ವೈದ್ಯರು ಹೇಳಿದ್ದು ಗಂಡನಿಗೂ, ಆಕೆಯ ಆಪ್ತ ಗೆಳತಿ ಬೆಟ್ಟಿ ಡಾಡ್ ಎಂಬ ಆಟಗಾರ್ತಿಗೂ ಮಾತ್ರ. ಅವರಿಬ್ಬರೂ ಆಕೆಯಿಂದ ಮುಚ್ಚಿಟ್ಟರು.

ಇದನ್ನು ಓದಿದಾಗ ನನ್ನ ಸೋದರತ್ತೆಯ ನೆನಪಾಗದೆ ಇರಲಿಲ್ಲ. ಆಕೆ ತೀರಿಕೊಂಡದ್ದು ಇದೇ ರೋಗದಿಂದ. ಕಡೆಯ ದಿನದವರೆಗೂ ನಾವು ಅದನ್ನು ಹೊಟ್ಟೆಯ ಹುಣ್ಣೆಂದೇ ಆಕೆಯ ಮುಂದೆ ಹೇಳುತ್ತಿದ್ದೆವು. ನೆಂಟರಿಗೂ ಹಾಗೆಯೇ ಹೇಳಿದೆವು. ಕರ್ಮಗಳೆಲ್ಲ ಮುಗಿದ ಮೇಲೆ ಪೆಟ್ಟಿಗೆ ತೆರೆದರೆ, ಒಂದೊಂದು ಸೀರೆಯ ಮಡಿಕೆಯಲ್ಲಿಯೂ ಅದು ಯಾರಿಗೆ ಸೇರಬೇಕೆಂದು ಹೆಸರು ಬರೆದ ಚೀಟಿ ಇತ್ತು. ಆಕೆಗೆ ಎಲ್ಲವೂ ಗೊತ್ತಿತ್ತು. ನಾವು ಮುಚ್ಚಿಟ್ಟದ್ದರಿಂದ ಆಕೆ ತಾನು ಬಲ್ಲುದನ್ನು ಒಬ್ಬಳೇ ಹೊತ್ತುಕೊಳ್ಳಬೇಕಾಯಿತು.

ಬೇಬ್ ತನಗೆ ತಿಳಿದಷ್ಟನ್ನು ಮುಚ್ಚಿಡಲಿಲ್ಲ. ಆ ರೋಗದ ಹೆಸರನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದ ಕಾಲದಲ್ಲಿ ಆಕೆ ಪತ್ರಿಕೆಯವರ ಮುಂದೆ, ಬಾನುಲಿಯಲ್ಲಿ, ಸಭೆಗಳಲ್ಲಿ ಅದನ್ನು ಬಾಯಿತುಂಬ ಹೇಳಿದಳು. ಮೂರೂವರೆ ತಿಂಗಳಲ್ಲಿ ಪಂದ್ಯಕ್ಕೆ ಮರಳಿದಳು. 1954ರ ಜುಲೈನಲ್ಲಿ ಮ್ಯಾಸಚೂಸೆಟ್ಸಿನ ಸೇಲಂ ಕ್ಲಬ್ಬಿನಲ್ಲಿ ಅಮೆರಿಕದ ಮಹಿಳಾ ಓಪನ್. 1948ರಲ್ಲಿಯೂ 1950ರಲ್ಲಿಯೂ ಆಕೆ ಗೆದ್ದಿದ್ದ ಪಂದ್ಯವೇ ಅದು. ಕೊನೆಯ ದಿನ 36 ಗುಳಿಗಳು. ಬೆಳಗಿನಿಂದ ಸಂಜೆಯವರೆಗೆ ಬಿಸಿಲಿನ ನಡಿಗೆ. ಹೊಟ್ಟೆಯ ಮೇಲಿನ ಗಾಯದ ದಾರಿಗೆ ಕಟ್ಟು ಬಿಗಿದುಕೊಂಡು, ನಲವತ್ತಮೂರು ವರ್ಷದ ಆ ಹೆಂಗಸು ಒಟ್ಟು 291 ಹೊಡೆತಗಳಲ್ಲಿ ಆಟ ಮುಗಿಸಿದಳು. ಎರಡನೆಯವಳಿಗೂ ಆಕೆಗೂ ನಡುವೆ 12 ಹೊಡೆತಗಳ ಅಂತರ. ಈ ಶಸ್ತ್ರಚಿಕಿತ್ಸೆಗೆ ಹೆದರಿ ಕುಳಿತವರಿಗೆ ಧೈರ್ಯ ಬರಲಿ ಎಂಬುದೇ ತನ್ನ ಆಟದ ಅರ್ಥವೆಂದು ಆಕೆ ಹೇಳಿಕೊಂಡಳು. ಆ ಗೆಲುವಿಗೆ ಬಂದ ಬಹುಮಾನ 2,000 ಡಾಲರ್. 2023ರಲ್ಲಿ ಅದೇ ಪಂದ್ಯವನ್ನು ಗೆದ್ದವಳಿಗೆ ದೊರೆತದ್ದು 20 ಲಕ್ಷ ಡಾಲರ್.

ರೋಗ ಮರಳಿತು. 1955ರಲ್ಲಿ ಇನ್ನೆರಡು ಪಂದ್ಯಗಳನ್ನು ಗೆದ್ದ ಮೇಲೆ ಬೆನ್ನುನೋವು ಕಾಣಿಸಿಕೊಂಡು, ಅದು ಬೆನ್ನೆಲುಬಿಗೆ ಇಳಿದ ಕ್ಯಾನ್ಸರ್ ಎಂದು ತಿಳಿಯಿತು. ಆ ವರ್ಷವೇ ತನ್ನ ಆತ್ಮಕಥೆಯನ್ನು ಪ್ರಕಟಿಸಿದಳು. ಕ್ಯಾನ್ಸರ್ ಚಿಕಿತ್ಸೆಗಾಗಿ ತನ್ನ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಿದಳು. 1956ರ ಸೆಪ್ಟೆಂಬರ್ 27ರಂದು ಗ್ಯಾಲ್ವೆಸ್ಟನ್ನಿನ ಆಸ್ಪತ್ರೆಯಲ್ಲಿ ಆಕೆಯ ಉಸಿರು ನಿಂತಿತು. ಆ ದಿನ ಅಧ್ಯಕ್ಷ ಐಸೆನ್‌ಹೋವರ್ ಪತ್ರಿಕಾಗೋಷ್ಠಿಯನ್ನು ಆಕೆಯ ಸ್ಮರಣೆಯಿಂದಲೇ ಆರಂಭಿಸಿದರು. ಆಕೆಯನ್ನು ಮಣ್ಣು ಮಾಡಿದ್ದು ಬ್ಯೂಮಾಂಟಿನಲ್ಲಿ, ಬೇಲಿ ಹಾರಿದ ಊರಿನಲ್ಲಿ.

ಹದಿಮೂರು ಮಂದಿ ಕಟ್ಟಿದ ಸಂಘ ಇಂದಿಗೂ ನಡೆಯುತ್ತಿದೆ. ಅದರ ಪಂದ್ಯಗಳಲ್ಲಿ ಆಡಿ, ಆಟವನ್ನೇ ವೃತ್ತಿಯಾಗಿ ಮಾಡಿಕೊಂಡವರಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಬ್ಬರು. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಅವರು ನಾಲ್ಕನೆಯವರಾಗಿ, ಒಂದೇ ಒಂದು ಹೊಡೆತದಿಂದ ಪದಕ ತಪ್ಪಿದಾಗ, ಗಾಲ್ಫ್ ಎಂದರೇನೆಂದೇ ತಿಳಿಯದ ನಮ್ಮ ಮನೆಗಳಲ್ಲಿಯೂ ಜನ ಬೆಳಗಿನ ಕಾಫಿ ಮರೆತು ನೋಡಿದರು. ಅವರು ಹಣಕ್ಕಾಗಿ ಆಡುವವರೆಂದು ಆ ದಿನ ಯಾರೂ ಮೂಗು ಮುರಿದದ್ದನ್ನು ನಾನು ಕೇಳಲಿಲ್ಲ.

ಆ ಹುಡುಗಿ ಈಗ ಪದವಿ ಮುಗಿಸಿ ಹೋಗಿದ್ದಾಳೆ. ಆಕೆಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಎಲ್ಲಿದ್ದರೂ ಆಕೆಯ ಕಣ್ಣಿಗೆ ಬೀಳಲಿ. ಈ ವರ್ಷ ಅದೇ ಪಾಠಕ್ಕೆ ಬಂದಾಗ ಕಪ್ಪು ಹಲಗೆಯ ಮೇಲೆ ಆ ಎರಡು ಮಾತುಗಳನ್ನು ಬರೆದೆ. ನಡುವಿನ ಗೆರೆಯನ್ನು ಮಾತ್ರ ಎಳೆಯಲಿಲ್ಲ. ಗೆರೆ ಏಕಿಲ್ಲವೆಂದು ಮುಂದಿನ ಬೆಂಚಿನವನೊಬ್ಬ ಕೇಳಿದ. ಕುಳಿತುಕೊಳ್ಳಪ್ಪ, ಹೇಳುತ್ತೇನೆ ಎಂದು ಬ್ಯೂಮಾಂಟಿನ ಬೇಲಿಗಳಿಂದ ಆರಂಭಿಸಿದೆ.